ಹಿರಿಯರ ಪಾಲು: ಸರ್ಕಾರದ್ದೆಷ್ಟು, ನಮ್ಮದೆಷ್ಟು?

(ಬಸವಕಲ್ಯಾಣ ಮತ್ತು ಹುಮನಾಬಾದ ತಾಲ್ಲೂಕುಗಳ ಹಾಲು ಉತ್ಪಾದಕರ ಸಭೆಯಲ್ಲಿ, ನಿವೃತ್ತ ಗ್ರಾಮಲೆಕ್ಕಿಗರೂ ಸಂಘದ ಸದಸ್ಯರೂ ಆದ ಹಿರಿಯರೊಬ್ಬರು ಮಾಡಿದ ಭಾಷಣ. ಸದಸ್ಯರ ಕೋರಿಕೆಯ ಮೇರೆಗೆ ಇಲ್ಲಿ ಪ್ರಕಟಿಸಲಾಗಿದೆ.)



ಇಂತಹ ಸಭೆಗಳಲ್ಲಿ ಮೇವಿನ ಬಗ್ಗೆ, ಕೆಚ್ಚಲು ಬಾವಿನ ಬಗ್ಗೆ, ಫ್ಯಾಟು ಮತ್ತು ಎಸ್.ಎನ್.ಎಫ್. ಬಗ್ಗೆ ಮಾತನಾಡುವವರು ಬಹಳ ಜನ ಇದ್ದಾರೆ. ಅವರು ನನಗಿಂತ ಬಲ್ಲವರು. ನನಗೆ ಈಗ 72 ವರ್ಷ. ನಾನು ಬೇರೆ ಒಂದು ವಿಷಯ ಹೇಳಲು ಅಪ್ಪಣೆ ಕೇಳಿದೆ. ಅಧ್ಯಕ್ಷರು ಒಪ್ಪಿದ್ದಾರೆ. ಆ ವಿಷಯ ನಮ್ಮ ಮನೆಯಲ್ಲಿರುವ ಮುತ್ಯಾ ಮತ್ತು ಆಯಿಯರದು. ಅವರನ್ನು ನೋಡಿಕೊಳ್ಳುವುದರಲ್ಲಿ ಸರ್ಕಾರದ ಪಾಲು ಎಷ್ಟು, ನಮ್ಮ ಪಾಲು ಎಷ್ಟು ಎಂಬುದನ್ನು ಇಂದು ಲೆಕ್ಕ ಹಾಕಿ ನೋಡೋಣ.

ನಾಳೆ ಬೆಳಿಗ್ಗೆ ತಾವು ಡೇರಿಗೆ ಹೋದಾಗ ಒಂದು ಕೆಲಸ ಮಾಡಿರಿ. ಸಾಲಿನಲ್ಲಿ ನಿಂತವರನ್ನು ಒಮ್ಮೆ ಎಣಿಸಿ ನೋಡಿರಿ. ನಮ್ಮ ಸಂಘದಲ್ಲಿ ನಾನು ಎಣಿಸಿದ್ದೇನೆ. ಅರ್ಧಕ್ಕರ್ಧ ತಲೆ ಬೆಳ್ಳಗಾದವರೇ. ಮಗ ಹೈದರಾಬಾದಿನಲ್ಲಿ, ಇನ್ನೊಬ್ಬ ಪುಣೆಯಲ್ಲಿ, ಸೊಸೆ ಮಕ್ಕಳ ಶಾಲೆಗಾಗಿ ಹುಮನಾಬಾದಿನಲ್ಲಿ. ಊರಲ್ಲಿ ಉಳಿದವರು ಮುದುಕ, ಮುದುಕಿ, ಎರಡು ಎಮ್ಮೆ. ನಸುಕಿನಲ್ಲಿ ಎದ್ದು ಸಗಣಿ ಬಳಿದು, ಹಿಂಡಿ ನೆನೆಹಾಕಿ, ಕಣಕಿ ಹಾಕಿ, ಹಾಲು ಹಿಂಡಿ, ಕ್ಯಾನು ಹಿಡಿದು ಡೇರಿಗೆ ಬರುವವರು ಅವರೇ. ನಮ್ಮ ಒಕ್ಕೂಟದ ಟ್ಯಾಂಕರು ತುಂಬುವುದು ಬಹುಪಾಲು ಈ ನಡುಗುವ ಕೈಗಳಿಂದ ಎಂದರೆ ಅತಿಶಯೋಕ್ತಿಯಲ್ಲ.

ಆದರೆ ಪಾಸ್ ಬುಕ್ ಯಾರ ಹೆಸರಲ್ಲಿದೆ? ಅನೇಕ ಮನೆಗಳಲ್ಲಿ ಮಗನ ಹೆಸರಲ್ಲಿದೆ. ಹಾಲಿನ ಬಟವಾಡೆ ಅವನ ಖಾತೆಗೆ ಹೋಗುತ್ತದೆ. ಸರ್ಕಾರದ ಪ್ರೋತ್ಸಾಹಧನವೂ ಅಲ್ಲಿಗೇ ಹೋಗುತ್ತದೆ. ಆಯಿಗೆ ಗುಳಿಗೆ ಬೇಕಾದರೆ ಮಗನಿಗೆ ಫೋನು ಮಾಡಿ ಕೇಳಬೇಕು. ತಾನೇ ದುಡಿದ ದುಡ್ಡನ್ನು ತಾನೇ ಬೇಡುವ ಸ್ಥಿತಿ ಇದು. ಇದರ ಮಾತನ್ನು ಕೊನೆಯಲ್ಲಿ ಮತ್ತೆ ಎತ್ತುತ್ತೇನೆ.

ಮೊದಲು ಸರ್ಕಾರದ ಮಾತು.

ಹಿಂದಿನ ಕಾಲದಲ್ಲಿ ಹೊಲವೇ ಪಿಂಚಣಿ, ಮಕ್ಕಳೇ ವಿಮೆ. ಆ ವ್ಯವಸ್ಥೆಯ ಕಾನೂನು ಬರೆದದ್ದು ನಮ್ಮ ನೆಲದಲ್ಲಿಯೇ ಎಂಬುದನ್ನು ತಾವು ಮರೆಯಬಾರದು. ಇಂದಿನ ಬಸವಕಲ್ಯಾಣ ಅಂದು ಚಾಲುಕ್ಯರ ರಾಜಧಾನಿ ಕಲ್ಯಾಣ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರರು 'ಮಿತಾಕ್ಷರ' ಬರೆದರು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ನಿಯಮ ಅಲ್ಲಿಂದ ಬಂದು, ಬಂಗಾಳದ ಕಡೆ ಬಿಟ್ಟು ಹೆಚ್ಚು ಕಡಿಮೆ ಇಡೀ ದೇಶದಲ್ಲಿ ನೂರಾರು ವರ್ಷ ನಡೆಯಿತು. ಹಕ್ಕಿನ ಜೊತೆಗೆ ವೃದ್ಧ ತಂದೆತಾಯಿಗಳನ್ನು ಸಾಕುವ ಹೊಣೆಯೂ ಮಕ್ಕಳ ಮೇಲಿತ್ತು. ಹಕ್ಕನ್ನು ನಾವು ಚೆನ್ನಾಗಿ ನೆನಪಿಟ್ಟುಕೊಂಡೆವು. ಹೊಣೆಯನ್ನು ನಿಧಾನವಾಗಿ ಮರೆತೆವು.

ಇದಕ್ಕೆ ಮಕ್ಕಳನ್ನಷ್ಟೇ ದೂರಿ ಪ್ರಯೋಜನವಿಲ್ಲ. ಸ್ವಾತಂತ್ರ್ಯ ಬಂದಾಗ ನಮ್ಮ ದೇಶದಲ್ಲಿ ಸರಾಸರಿ ಆಯುಸ್ಸು 32 ವರ್ಷದ ಆಸುಪಾಸು ಇತ್ತು. ಈಗ ಅದು 70 ಮುಟ್ಟಿದೆ. 2011ರ ಜನಗಣತಿಯಲ್ಲಿ 60 ದಾಟಿದವರು ದೇಶದಲ್ಲಿ 10 ಕೋಟಿಗೂ ಮಿಗಿಲು. ನಮ್ಮ ರಾಜ್ಯದಲ್ಲಿ ನೂರಕ್ಕೆ ಒಂಬತ್ತೂವರೆ ಮಂದಿ. ಅಂದಿನಿಂದ ಈ ಸಂಖ್ಯೆ ಏರುತ್ತಲೇ ಇದೆ. ಇತ್ತ ಹೊಲ ಹಂಚಿ ಹಂಚಿ ಎರಡೆಕರೆಗೆ ಇಳಿದಿದೆ. ಎರಡೆಕರೆ ತೊಗರಿ, ಸೋಯಾದಲ್ಲಿ ಮಗ ತನ್ನ ಮಕ್ಕಳನ್ನು ಸಾಕಬೇಕೋ, ತಂದೆತಾಯಿಗಳನ್ನು ಸಾಕಬೇಕೋ? ಆದ್ದರಿಂದಲೇ ಇದು ಒಂದು ಮನೆಯ ಗುಣದೋಷದ ಪ್ರಶ್ನೆಯಾಗಿ ಉಳಿದಿಲ್ಲ. ಸಮಾಜ ಒಟ್ಟಾಗಿ ಹೊರಬೇಕಾದ ಭಾರ ಇದು. ಸಮಾಜ ಒಟ್ಟಾಗಿ ಹೊರುವ ಭಾರಕ್ಕೆ ಸರ್ಕಾರವೇ ಹೆಗಲು.

ನಮ್ಮ ಸಂವಿಧಾನದ 41ನೆಯ ಅನುಚ್ಛೇದ ಇದನ್ನೇ ಹೇಳುತ್ತದೆ. ವೃದ್ಧಾಪ್ಯ, ಕಾಯಿಲೆ, ನಿರುದ್ಯೋಗ ಇಂತಹ ಸಂದರ್ಭಗಳಲ್ಲಿ ರಾಜ್ಯವು ತನ್ನ ಆರ್ಥಿಕ ಶಕ್ತಿಯ ಮಿತಿಯಲ್ಲಿ ಸಹಾಯ ಮಾಡಬೇಕು ಎಂಬುದು ಅದರ ತಾತ್ಪರ್ಯ. ನಮ್ಮ ರಾಜ್ಯ ಇನ್ನೂ ಮೈಸೂರು ಎಂದು ಕರೆಯಿಸಿಕೊಳ್ಳುತ್ತಿದ್ದಾಗ, 1965ರಲ್ಲಿ, ವೃದ್ಧಾಪ್ಯ ವೇತನ ಆರಂಭವಾಯಿತು. 1995ರ ಆಗಸ್ಟ್ 15ರಿಂದ ಕೇಂದ್ರ ಸರ್ಕಾರ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ತಂದಿತು. ಆಗ 65 ದಾಟಿದ ನಿರ್ಗತಿಕರಿಗೆ ಕೇಂದ್ರದ ಪಾಲು ತಿಂಗಳಿಗೆ 75 ರೂಪಾಯಿ. 2006ರಲ್ಲಿ ಅದು 200 ರೂಪಾಯಿ ಆಯಿತು. 2007ರಲ್ಲಿ ಯೋಜನೆಗೆ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ ಎಂದು ಹೆಸರಾಯಿತು. 2011ರಲ್ಲಿ ವಯಸ್ಸು 60ಕ್ಕೆ ಇಳಿಯಿತು, 80 ದಾಟಿದವರಿಗೆ ಕೇಂದ್ರದ ಪಾಲು 500 ಆಯಿತು. ನಮ್ಮ ರಾಜ್ಯ ಸರ್ಕಾರ 2007ರಲ್ಲಿ 65 ದಾಟಿದ ಸಣ್ಣ ರೈತರು, ಕೂಲಿಕಾರರು, ನೇಕಾರರು ಮೊದಲಾದವರಿಗಾಗಿ ಸಂಧ್ಯಾ ಸುರಕ್ಷಾ ಯೋಜನೆ ತಂದಿತು. ಅದರ ಮೊತ್ತವನ್ನು ಹಂತ ಹಂತವಾಗಿ ಏರಿಸಿ, 2021ರಲ್ಲಿ 1,000 ರೂಪಾಯಿ ಇದ್ದದ್ದನ್ನು 1,200 ಮಾಡಲಾಯಿತು.

ಈಗ ನಮ್ಮ ಡೇರಿಯ ಲೆಕ್ಕದಲ್ಲಿ ನೋಡೋಣ. 1,200 ರೂಪಾಯಿ ಎಂದರೆ ದಿನಕ್ಕೆ 40 ರೂಪಾಯಿ. ಹೆಚ್ಚು ಕಡಿಮೆ ಒಂದು ಲೀಟರ್ ಹಾಲಿನ ಬೆಲೆ. ಇದರಲ್ಲಿ ಹೆಚ್ಚಿನ ಪಾಲು ರಾಜ್ಯದ್ದು. ಕೇಂದ್ರದ 200 ರೂಪಾಯಿ ಎಂದರೆ, ದಿನಕ್ಕೊಂದು ಲೀಟರಿನಂತೆ ಒಂದು ವಾರ ಹಾಲು ಹಾಕಿದರೆ ಬರುವ ಹಣಕ್ಕಿಂತ ಕಡಿಮೆ. ಅದು 2006ರಿಂದ ಕದಲಿಲ್ಲ. ಈ ಅವಧಿಯಲ್ಲಿ ಹಿಂಡಿಯ ಬೆಲೆ ಎಷ್ಟು ಏರಿದೆ ಎಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ. ನಾವು ಹಾಲಿನ ದರ ಒಂದು ರೂಪಾಯಿ ಏರಿಸಿರಿ ಎಂದು ಮೆರವಣಿಗೆ ತೆಗೆಯುತ್ತೇವೆ. ನಮ್ಮ ತಾಯಂದಿರ ಪಾಲು ಇಷ್ಟು ವರ್ಷ ಏರದೆ ಇದ್ದುದಕ್ಕೆ ಒಂದು ಅರ್ಜಿಯನ್ನಾದರೂ ಬರೆದಿದ್ದೇವೆಯೇ?

ಇದು ಬಡ ದೇಶದಿಂದ ಆಗುವ ಮಾತೇ ಎಂದು ಕೆಲವರು ಕೇಳಬಹುದು. ವೃದ್ಧಾಪ್ಯಕ್ಕೆ ಸರ್ಕಾರವೇ ವಿಮೆ ಮಾಡುವ ಪದ್ಧತಿಯನ್ನು ಜರ್ಮನಿ 1889ರಲ್ಲಿಯೇ ತಂದಿತು. ಅದು ಶ್ರೀಮಂತ ದೇಶ, ಬಿಡಿರಿ. ನಮ್ಮ ಮಗ್ಗುಲಿನ ನೇಪಾಳ ನಮಗಿಂತ ಬಡ ದೇಶ. ನಾವು ಆರಂಭಿಸಿದ 1995ರ ಸುಮಾರಿಗೇ ಅದು 75 ದಾಟಿದವರಿಗೆ ತಿಂಗಳಿಗೆ 100 ನೇಪಾಳಿ ರೂಪಾಯಿ ಕೊಡಲು ಆರಂಭಿಸಿತು. ಬಡವನೇ, ಮಗನಿದ್ದಾನೆಯೇ ಎಂದು ಕೇಳಲಿಲ್ಲ. 2021ರಲ್ಲಿ ಅದನ್ನು 4,000 ನೇಪಾಳಿ ರೂಪಾಯಿಗೆ ಏರಿಸಿತು. ನಮ್ಮ ಹಣದಲ್ಲಿ ಸುಮಾರು 2,500 ರೂಪಾಯಿ. ಮನಸ್ಸಿದ್ದರೆ ಆಗುತ್ತದೆ ಎಂಬುದಕ್ಕೆ ಇಷ್ಟು ಸಾಕು.

ನನ್ನ ಮನೆಯ ಮಾತನ್ನೇ ಹೇಳುತ್ತೇನೆ. ನಾವು ಇಬ್ಬರು ಅಣ್ಣತಮ್ಮಂದಿರು. ನಾನು ಶಾಲೆ ಕಲಿತು ಸರ್ಕಾರಿ ನೌಕರಿಗೆ ಸೇರಿದೆ. ಅಣ್ಣ ಹೊಲ ಹಿಡಿದ. ನಾನು ಮೂವತ್ತು ವರ್ಷ ಕುಳಿತು ಪಹಣಿ ಬರೆದೆ. ಅವನು ಐವತ್ತು ವರ್ಷ ನೇಗಿಲು ಹಿಡಿದ, ದೇವಣಿ ಹೋರಿ ಸಾಕಿದ, ಹಾಲು ಹಾಕಿದ. ಇಂದು ನನಗೆ ತಿಂಗಳು ತಿಂಗಳು ಪಿಂಚಣಿ ಬರುತ್ತದೆ, ತುಟ್ಟಿಭತ್ಯೆ ಏರಿದಂತೆ ಅದೂ ಏರುತ್ತದೆ. ಅಣ್ಣನಿಗೆ 1,200. ನಾನು ಅವನಿಗಿಂತ ಹೆಚ್ಚು ದುಡಿದೆ ಎಂದು ಎದೆ ಮುಟ್ಟಿ ಹೇಳಲಾರೆ. ನಾವು ಜೊತೆಗೆ ಊಟಕ್ಕೆ ಕುಳಿತಾಗಲೆಲ್ಲ ಈ ಲೆಕ್ಕ ನನ್ನ ಗಂಟಲಿಗೆ ಅಡ್ಡ ಬರುತ್ತದೆ.

ಇನ್ನೊಂದು ಮಾತು ಇದೆ. ಇದನ್ನು ಇಷ್ಟು ವರ್ಷ ಯಾವ ಸಭೆಯಲ್ಲಿಯೂ ಹೇಳಿರಲಿಲ್ಲ.

1996ರಲ್ಲಿ ನಾನು ಒಂದು ಹಳ್ಳಿಯ ಗ್ರಾಮಲೆಕ್ಕಿಗನಾಗಿದ್ದೆ. ವೃದ್ಧಾಪ್ಯ ವೇತನದ ಅರ್ಜಿಗಳ ವಿಚಾರಣೆ ಮಾಡಿ ವರದಿ ಬರೆಯುವುದು ನನ್ನ ಕೆಲಸ. ಒಬ್ಬ ಆಯಿಯ ಅರ್ಜಿ ಬಂತು. ಆಕೆಯ ಮಗನಿಗೆ ಎಂಟು ಎಕರೆ ಹೊಲ, ಕಲ್ಲಿನ ಮನೆ, ಬಾಡಿಗೆಗೆ ಓಡಿಸುವ ಟ್ರ್ಯಾಕ್ಟರು. ನಾನು ಅವನ ಮನೆಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು, "ಪುತ್ರನಿದ್ದಾನೆ, ಪೋಷಣೆ ಇದೆ, ಅರ್ಜಿ ತಿರಸ್ಕರಿಸಬಹುದು" ಎಂದು ಬರೆದು ಸಹಿ ಮಾಡಿದೆ. ನಿಯಮದ ಪ್ರಕಾರ ತಪ್ಪೇನೂ ಇರಲಿಲ್ಲ. ಹೊರಡುವಾಗ ಸೈಕಲ್ಲು ತೆಗೆಯಲು ದನದ ಕೊಟ್ಟಿಗೆಯ ಕಡೆ ಹೋದೆ. ಗೋದಲಿಯ ಪಕ್ಕ ಗೋಣಿಚೀಲ ಹಾಸಿಕೊಂಡು ಆ ಆಯಿ ಕುಳಿತಿದ್ದಳು. ಜ್ವಾಲೆ ಇಲ್ಲದ ಒಲೆಯಲ್ಲಿ ಏನೋ ಬೇಯಿಸಿಕೊಳ್ಳುತ್ತಿದ್ದಳು. "ತಲಾಟಿ ಸಾಹೇಬ್ರ, ಬರದ್ರೇನು?" ಎಂದು ಕೇಳಿದಳು. ಬರೆದೆ ಎಂದೆ. ಏನು ಬರೆದೆ ಎಂದು ಹೇಳಲಿಲ್ಲ. ಆಕೆಯೇ ಹೇಳಿದಳು: "ಮಗಾನೂ ಅದಾನ, ಸರ್ಕಾರನೂ ಅದ. ಖರೆ, ನನಗ ಯಾರೂ ಇಲ್ಲ ನೋಡ್ರಿ."

ವರದಿ ನನ್ನ ಚೀಲದಲ್ಲಿಯೇ ಇತ್ತು. ಹರಿದು ಬೇರೆ ಬರೆಯಬಹುದಿತ್ತು. ಬರೆಯಲಿಲ್ಲ. ಮಗ ಊರಿನ ಗಣ್ಯ, ಅವನಿಗೆ ಅವಮಾನವಾದೀತು ಎಂದುಕೊಂಡೆ. ಎರಡು ವರ್ಷದ ನಂತರ ನನಗೆ ಬೇರೆ ಕಡೆ ವರ್ಗವಾಯಿತು. ಆ ಆಯಿ ಮುಂದೆ ಏನಾದಳು ಎಂದು ವಿಚಾರಿಸುವ ಧೈರ್ಯ ನನಗೆ ಬರಲಿಲ್ಲ.

ಬಂಧುಗಳೇ, ನನ್ನ ತಪ್ಪನ್ನು ಹೇಳಿಕೊಂಡು ಹಗುರವಾಗಲೆಂದು ಇದನ್ನು ಹೇಳುತ್ತಿಲ್ಲ. ಆಕೆಯ ಮಾತಿನಲ್ಲಿ ಈ ಸಮಸ್ಯೆಯ ತಿರುಳು ಇದೆ. ಸರ್ಕಾರ ಮಗನ ಕಡೆ ಕೈ ತೋರಿಸುತ್ತದೆ, ಮಗ ಸರ್ಕಾರದ ಕಡೆ ಕೈ ತೋರಿಸುತ್ತಾನೆ. ಎರಡು ಕೈಗಳ ನಡುವೆ ಮುಪ್ಪಿನವರು ನೆಲಕ್ಕೆ ಬೀಳುತ್ತಾರೆ. ಸರ್ಕಾರ ಕೊಡಬೇಕಾದ್ದು ಹಿರಿಯರ ಹಕ್ಕು. ಮಗ ಕೊಡಬೇಕಾದ್ದು ಮಗನ ಕರ್ತವ್ಯ. ಒಂದು ಇದೆ ಎಂದು ಇನ್ನೊಂದನ್ನು ಬಿಡಿಸಿಕೊಳ್ಳಲು ಯಾರಿಗೂ ಅವಕಾಶ ಇರಬಾರದು.

ಮಗನ ಕರ್ತವ್ಯವನ್ನು ನೆನಪಿಸಲು ಈಗ ಕಾನೂನು ಇದೆ. 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯನ್ನು ತಾವು ತಿಳಿದಿರಬೇಕು. ಸಾಕದ ಮಕ್ಕಳ ಮೇಲೆ ತಂದೆತಾಯಿಗಳು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ನಮ್ಮ ಬಸವಕಲ್ಯಾಣ ಮತ್ತು ಹುಮನಾಬಾದದವರಿಗೆ ಆ ಕಚೇರಿ ಬಸವಕಲ್ಯಾಣದಲ್ಲಿಯೇ ಇದೆ. ಬೀದರಕ್ಕೆ ಹೋಗಬೇಕಾಗಿಲ್ಲ. ವಕೀಲರನ್ನು ಹಿಡಿಯುವ ಅಗತ್ಯವಿಲ್ಲ. ನೋಟೀಸು ಮುಟ್ಟಿದ 90 ದಿನಗಳಲ್ಲಿ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳುತ್ತದೆ; ವಿಶೇಷ ಕಾರಣವಿದ್ದರೆ ಇನ್ನು 30 ದಿನ. ತಿಂಗಳಿಗೆ 10,000 ರೂಪಾಯಿವರೆಗೆ ಪೋಷಣೆ ಕೊಡಿಸಬಹುದು. ಈ ಹೊಣೆ ಗಂಡು ಮಕ್ಕಳಿಗೆ ಮಾತ್ರವಲ್ಲ, ಹೆಣ್ಣು ಮಕ್ಕಳಿಗೂ ಇದೆ. ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ವಾರಸುದಾರರಾಗುವ ಸಂಬಂಧಿಕರ ಮೇಲೆ ಅರ್ಜಿ ಹಾಕಬಹುದು. ಮುದುಕರನ್ನು ಎಲ್ಲಿಯೋ ಬಿಟ್ಟು ಬಂದವರಿಗೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಇದೆ.

ಇದೇ ಕಾಯ್ದೆಯ 23ನೆಯ ಕಲಮಿನ ಬಗ್ಗೆ ಒಂದು ಎಚ್ಚರಿಕೆ. ಹೊಲ ಅಥವಾ ಮನೆಯನ್ನು ಮಕ್ಕಳಿಗೆ ದಾನಪತ್ರ ಮಾಡಿಕೊಟ್ಟ ಮೇಲೆ ಅವರು ನೋಡಿಕೊಳ್ಳದಿದ್ದರೆ, ಆ ಪತ್ರವನ್ನು ರದ್ದು ಮಾಡಿಸಬಹುದು. ಆದರೆ ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟಿರಬೇಕು. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಒಂದು ಪ್ರಕರಣದಲ್ಲಿ ಅಂತಹ ಷರತ್ತು ಇದ್ದುದು ಸಿದ್ಧವಾಗದೆ ತಾಯಿಗೆ ಆ ಪರಿಹಾರ ಸಿಗದು ಎಂದಿತು. 2025ರ ಜನವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ, ಸೇವೆ ಮಾಡುತ್ತೇವೆಂದು ಬರೆದುಕೊಟ್ಟಿದ್ದ ಮಗನಿಂದ ತಾಯಿಗೆ ಆಸ್ತಿ ಮರಳಿ ಕೊಡಿಸಿತು. ಆದ್ದರಿಂದ ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುವ ಮುನ್ನ, "ನಮ್ಮಿಬ್ಬರ ಜೀವ ಇರುವತನಕ ಅನ್ನ, ಬಟ್ಟೆ, ಔಷಧ ನೋಡಿಕೊಳ್ಳತಕ್ಕದ್ದು, ತಪ್ಪಿದರೆ ಈ ಪತ್ರ ರದ್ದಾಗತಕ್ಕದ್ದು" ಎಂಬ ಅರ್ಥದ ಒಂದು ಸಾಲು ಪತ್ರದಲ್ಲಿ ಇದೆಯೋ ಇಲ್ಲವೋ ಓದಿಸಿ ಕೇಳಿರಿ. ಮಗನ ಮೇಲೆ ಅಪನಂಬಿಕೆ ಎಂದು ಯಾರೂ ತಿಳಿಯಬಾರದು. ಸಂಘಕ್ಕೆ ಹಾಲು ಹಾಕುವಾಗ ನಾವು ಚೀಟಿ ತೆಗೆದುಕೊಳ್ಳುವುದಿಲ್ಲವೇ? ಕಾರ್ಯದರ್ಶಿಯ ಮೇಲೆ ಅಪನಂಬಿಕೆಯಿಂದ ತೆಗೆದುಕೊಳ್ಳುತ್ತೇವೆಯೇ? ಲೆಕ್ಕ ನೆಟ್ಟಗಿದ್ದರೆ ಸಂಬಂಧ ನೆಟ್ಟಗಿರುತ್ತದೆ.

ಈಗ ಸರ್ಕಾರದಿಂದ ಸಿಗುವುದನ್ನು ಪಡೆಯುವ ಬಗೆ. ವೃದ್ಧಾಪ್ಯ ವೇತನ ಅಥವಾ ಸಂಧ್ಯಾ ಸುರಕ್ಷಾಕ್ಕೆ ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡಬೇಕು. ಆಧಾರ್, ಪಡಿತರ ಚೀಟಿ, ಬ್ಯಾಂಕು ಅಥವಾ ಅಂಚೆ ಕಚೇರಿಯ ಖಾತೆ ಪುಸ್ತಕ, ಫೋಟೊ ಜೊತೆಗಿರಲಿ. ಎರಡು ವೇತನ ಒಬ್ಬರಿಗೆ ಸಿಗುವುದಿಲ್ಲ. ನಮ್ಮ ಮುದುಕರ ಆಧಾರಿನಲ್ಲಿ ವಯಸ್ಸು ಹೆಚ್ಚಾಗಿ ಅಂದಾಜಿನದು. ಜನವರಿ ಒಂದನೆಯ ತಾರೀಖು ಹುಟ್ಟಿದವರು ನಮ್ಮ ಊರಿನಲ್ಲಿ ಎಷ್ಟು ಜನ ಇದ್ದಾರೆ ನೋಡಿರಿ! ವಯಸ್ಸು ಕಡಿಮೆ ಬಿದ್ದಿದ್ದರೆ ಅರ್ಜಿಗೆ ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು.

ನಮ್ಮ ಓಣಿಯ ಒಬ್ಬ ಆಯಿಯ ವೇತನ ಎಂಟು ತಿಂಗಳು ನಿಂತುಹೋಯಿತು. ಬೆರಳು ಒತ್ತಿದರೆ ಯಂತ್ರ ಒಪ್ಪಲಿಲ್ಲ. ಐವತ್ತು ವರ್ಷ ಸಗಣಿ ಬಾಚಿ, ಕಣಕಿ ಕತ್ತರಿಸಿ, ಹಾಲು ಹಿಂಡಿದ ಕೈ. ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಆಕೆ ಬದುಕಿದ್ದಾಳೆ ಎಂಬುದಕ್ಕೆ ಆಕೆಯ ದುಡಿಮೆಯೇ ಅಡ್ಡಿಯಾಗಿ ನಿಂತಿತ್ತು. ಮೂರು ಸಲ ಹೋಗಿ ಮೂರು ಸಲ ಬರಿಗೈಯಲ್ಲಿ ಬಂದಳು. ನಾಲ್ಕನೆಯ ಸಲ ನಾನು ಜೊತೆಗೆ ಹೋದೆ. ಕಣ್ಣಿನ ಗುರುತು ತೆಗೆಯುವ ಯಂತ್ರ ಇದ್ದ ಕೇಂದ್ರದಲ್ಲಿ ಆಧಾರ್ ಸರಿಪಡಿಸಿ, ಖಾತೆಗೆ ಜೋಡಿಸಿದ ಮೇಲೆ ವೇತನ ಮತ್ತೆ ಬರಲಾರಂಭಿಸಿತು. ನಿಂತ ಎಂಟು ತಿಂಗಳ ಹಣದ ಅರ್ಜಿ ಇನ್ನೂ ನಡೆಯುತ್ತಿದೆ. ಕಲಿತವನೊಬ್ಬ ಜೊತೆಗೆ ಹೋದರೆ ಒಂದೇ ದಿನದಲ್ಲಿ ಆಗುವ ಕೆಲಸಕ್ಕೆ ಒಬ್ಬಳೇ ಹೋದವಳು ಎಂಟು ತಿಂಗಳು ಅಲೆದಳು. ಈ ಮಾತನ್ನು ಯುವಕರು ಗಮನಿಸಬೇಕು.

ಸರ್ಕಾರ ಮಾಡಬೇಕಾದ್ದು ಏನು ಎಂದು ಕೇಳಿದರೆ ನಾನು ನಾಲ್ಕು ಮಾತು ಹೇಳುತ್ತೇನೆ. ಒಂದು, ಕೇಂದ್ರದ ಪಾಲು ಏರಬೇಕು, ನೌಕರರ ತುಟ್ಟಿಭತ್ಯೆಯಂತೆ ಬೆಲೆ ಏರಿದಾಗ ತಾನಾಗಿಯೇ ಏರಬೇಕು. ಎರಡು, ಹಾಲಿನ ಬಟವಾಡೆಯಂತೆ ವೇತನಕ್ಕೂ ಗೊತ್ತಾದ ದಿನ ಇರಬೇಕು. ಮೂರು, ಹಾಸಿಗೆ ಹಿಡಿದವರ ಪರಿಶೀಲನೆಗೆ ಅಧಿಕಾರಿಯೇ ಮನೆಗೆ ಬರಬೇಕು. ವೇತನ ನಿಲ್ಲಿಸುವ ಮುನ್ನ ತಿಳಿವಳಿಕೆ ಪತ್ರ ಕೊಡಬೇಕು. ನಾಲ್ಕು, ಜಿಲ್ಲೆಗೆ ಕನಿಷ್ಠ ಒಂದು ವೃದ್ಧಾಶ್ರಮ, ಸರ್ಕಾರಿ ಆಸ್ಪತ್ರೆಯಲ್ಲಿ ಹಿರಿಯರಿಗೆ ಬೇರೆ ಸಾಲು ಎಂದು 2007ರ ಕಾಯ್ದೆಯಲ್ಲಿಯೇ ಬರೆದಿದೆ, ಬರೆದದ್ದು ನಡೆಯಬೇಕು. ನಾವು ಗ್ರಾಮಸಭೆಯಲ್ಲಿ ಚರಂಡಿ ಮತ್ತು ರಸ್ತೆ ಕೇಳುತ್ತೇವೆ. ಇದನ್ನೂ ಕೇಳಬೇಕು. ಕೇಳದವರಿಗೆ ಯಾವ ಸರ್ಕಾರವೂ ಕೊಡುವುದಿಲ್ಲ.

ಕೆಲವು ಒಳ್ಳೆಯ ಮಾತುಗಳನ್ನೂ ಹೇಳಬೇಕು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೀಟು ಇಲ್ಲದಂತಾದ ಮೇಲೆ, ಮಗನನ್ನು ಕೇಳದೆ ಆಸ್ಪತ್ರೆಗೆ ಹೋಗಿ ಬರುವ ಆಯಿಯರನ್ನು ನಾನು ಹುಮನಾಬಾದ ಬಸ್ ನಿಲ್ದಾಣದಲ್ಲಿ ನಿತ್ಯ ಕಾಣುತ್ತೇನೆ. ಅದೇ ವರ್ಷ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಬರುತ್ತದೆ. ಅದಕ್ಕಾಗಿ ಪಡಿತರ ಚೀಟಿಯಲ್ಲಿ ಅತ್ತೆಯ ಹೆಸರು ಮೇಲಿರಬೇಕೋ ಸೊಸೆಯ ಹೆಸರೋ ಎಂಬ ಜಗಳ ಕೆಲವು ಮನೆಗಳಲ್ಲಿ ನಡೆದದ್ದೂ ಉಂಟು. ಅತ್ತೆಯ ಹೆಸರು ಇಳಿಸುವ ಮೊದಲು, ಆಕೆಯ ಕೈಯಲ್ಲಿ ಬೇರೆ ಯಾವ ದುಡ್ಡು ಉಳಿಯುತ್ತದೆ ಎಂದು ಸೊಸೆಯಂದಿರು ಒಮ್ಮೆ ಯೋಚಿಸಿರಿ. ನೀವೂ ಒಂದು ದಿನ ಅತ್ತೆಯರಾಗುವವರೇ.

ಇನ್ನು ಸಹಕಾರಿಗಳಾದ ನಮ್ಮ ಪಾಲು. ಸಹಕಾರ ಸಂಘಗಳ ರೈತರಿಗಾಗಿ 2003ರಲ್ಲಿ ನಮ್ಮ ರಾಜ್ಯದಲ್ಲಿ ಯಶಸ್ವಿನಿ ಯೋಜನೆ ಬಂದಾಗ ತಿಂಗಳಿಗೆ ಐದು ರೂಪಾಯಿ ಕಟ್ಟಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಈ ಸಭೆಯಲ್ಲಿಯೂ ಇರಬಹುದು. 2018ರಲ್ಲಿ ಅದು ಆರೋಗ್ಯ ಕರ್ನಾಟಕದಲ್ಲಿ ಸೇರಿಹೋಗಿ, 2023ರ ಜನವರಿಯಿಂದ ಮತ್ತೆ ಜಾರಿಗೆ ಬಂತು. ಮರುಜಾರಿಯಾದಾಗ ಗ್ರಾಮೀಣ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಹೆಚ್ಚಿನ ಪ್ರತಿ ಒಬ್ಬರಿಗೆ 100 ರೂಪಾಯಿ ವಂತಿಗೆ ಇಟ್ಟರು. ನಾನು ನೋಡಿದ ತಮಾಷೆ ಏನೆಂದರೆ, ನಾಲ್ಕು ಹೆಸರು ಬರೆಸುವಾಗ ಗಂಡ, ಹೆಂಡತಿ, ಇಬ್ಬರು ಮಕ್ಕಳು ಬರುತ್ತಾರೆ. ಆಸ್ಪತ್ರೆ ಎಲ್ಲರಿಗಿಂತ ಮೊದಲು ಬೇಕಾಗುವ ಅವ್ವನ ಹೆಸರಿಗೆ 100 ರೂಪಾಯಿ ಹೆಚ್ಚು ಕಟ್ಟಬೇಕೆಂದು ಕೈ ಹಿಂದೆ ಸರಿಯುತ್ತದೆ. ಮುಂದಿನ ಸಲ ಹೆಸರು ಬರೆಸುವಾಗ ಅವ್ವನಿಂದಲೇ ಆರಂಭಿಸಿರಿ.

ಇಲ್ಲಿ ಕುಳಿತ ಯುವಕರಿಗೆ ಒಂದು ಮಾತು. ಮುಪ್ಪು ನಿಮಗೂ ಬರುವುದಿದೆ. 2015ರಲ್ಲಿ ಆರಂಭವಾದ ಅಟಲ್ ಪಿಂಚಣಿ ಯೋಜನೆಗೆ 18ರಿಂದ 40 ವರ್ಷದವರು ಬ್ಯಾಂಕಿನಲ್ಲಿ ಸೇರಬಹುದು. 60ರ ನಂತರ ತಿಂಗಳಿಗೆ 5,000 ರೂಪಾಯಿ ಬೇಕೆಂದರೆ 18ಕ್ಕೆ ಸೇರಿದವನು ತಿಂಗಳಿಗೆ 210 ರೂಪಾಯಿ ಕಟ್ಟಬೇಕು, ದಿನಕ್ಕೆ ಏಳು ರೂಪಾಯಿ. 40ಕ್ಕೆ ಸೇರಿದವನು 1,454 ಕಟ್ಟಬೇಕು, ದಿನಕ್ಕೆ ಒಂದು ಲೀಟರ್ ಹಾಲಿಗಿಂತ ಹೆಚ್ಚು. ತಡ ಮಾಡಿದ್ದಕ್ಕೆ ತೆರುವ ಬೆಲೆ ಇದು. 2019ರ ಕಿಸಾನ್ ಮಾನಧನ ಯೋಜನೆಯಲ್ಲಿ ಎರಡು ಹೆಕ್ಟೇರ್ ಒಳಗಿನ ರೈತರು ವಯಸ್ಸಿಗೆ ತಕ್ಕಂತೆ 55ರಿಂದ 200 ರೂಪಾಯಿ ಕಟ್ಟಿದರೆ ಕೇಂದ್ರ ಸರ್ಕಾರವೂ ಅಷ್ಟೇ ಕಟ್ಟುತ್ತದೆ. 60ರ ನಂತರ ತಿಂಗಳಿಗೆ 3,000. ಇಂದಿನ 5,000 ರೂಪಾಯಿಗೆ ನಲವತ್ತು ವರ್ಷದ ಮೇಲೆ ಇದೇ ಬೆಲೆ ಇರುವುದಿಲ್ಲ, ಅದು ನನಗೂ ಗೊತ್ತು. ಆದರೂ ಬರಿಗೈಗಿಂತ ಅದು ಮೇಲು.

ಕೊನೆಯದಾಗಿ ನಮ್ಮ ಸಂಘಗಳು ಮಾಡಬಹುದಾದ ಮೂರು ಕೆಲಸ. ಇದಕ್ಕೆ ಹೆಚ್ಚಿನ ಖರ್ಚಿಲ್ಲ.

ಮೊದಲನೆಯದು, ಪ್ರತಿ ಸಂಘದಲ್ಲಿ 60 ದಾಟಿದ ಸದಸ್ಯರ ಮತ್ತು ಸದಸ್ಯರ ಮನೆಯ ಹಿರಿಯರ ಪಟ್ಟಿ ಇರಲಿ. ವೇತನ ಬರುವವರು ಯಾರು, ಬರದವರು ಯಾರು, ನಿಂತುಹೋದದ್ದು ಯಾರದು ಎಂದು ಕಾರ್ಯದರ್ಶಿಗಳು ಬರೆದಿಡಲಿ. ಫ್ಯಾಟು ಬರೆಯುವ ಕೈಗೆ ಇದೇನು ದೊಡ್ಡ ಕೆಲಸವಲ್ಲ.

ಎರಡನೆಯದು, ಬಟವಾಡೆಯ ದಿನ ಓದು ಬರಹ ಬಲ್ಲ ಯುವಕನೊಬ್ಬ ಡೇರಿಯಲ್ಲಿ ಎರಡು ತಾಸು ಕುಳಿತು ಅರ್ಜಿ ಬರೆದುಕೊಡಲಿ. ತಿಂಗಳಿಗೊಮ್ಮೆ ನಾಡಕಚೇರಿಗೆ ಎಲ್ಲರ ಅರ್ಜಿ ಹಿಡಿದು ಒಬ್ಬನೇ ಹೋಗಿ ಬರಲಿ. ಬೇರೆ ತೊಂದರೆ ಇದ್ದವರು ಹಿರಿಯರ ಸಹಾಯವಾಣಿ 14567ಕ್ಕೆ ಉಚಿತವಾಗಿ ಫೋನು ಮಾಡಬಹುದು. ಆ ಸಂಖ್ಯೆಯನ್ನು ಹಾಲಿನ ದರಪಟ್ಟಿಯ ಕೆಳಗೆ ದೊಡ್ಡದಾಗಿ ಬರೆಸಿರಿ.

ಮೂರನೆಯದು, ನಾನು ಮೊದಲಿಗೆ ಎತ್ತಿದ ಮಾತು. ಎಮ್ಮೆ ಯಾರು ಕಟ್ಟುತ್ತಾರೋ, ಹಾಲು ಯಾರು ಹಿಂಡುತ್ತಾರೋ, ಸದಸ್ಯತ್ವ ಅವರ ಹೆಸರಲ್ಲಿರಲಿ. ಹೆಣ್ಣುಮಕ್ಕಳು ಸದಸ್ಯರಾಗಲು ಯಾವ ಅಡ್ಡಿಯೂ ಇಲ್ಲ. ಅವ್ವನ ಹೆಸರಲ್ಲಿ ಷೇರು ಇದ್ದರೆ ಬಟವಾಡೆ ಅವ್ವನ ಖಾತೆಗೆ ಬರುತ್ತದೆ, ಬೋನಸ್ಸು ಅವ್ವನದಾಗುತ್ತದೆ, ಮಹಾಸಭೆಯಲ್ಲಿ ಅವ್ವನಿಗೆ ಕುರ್ಚಿ ಸಿಗುತ್ತದೆ. ಸರ್ಕಾರ ಕೊಡುವ 1,200ರ ಬಗ್ಗೆ ನಾವು ಎಷ್ಟು ಬೇಕಾದರೂ ಟೀಕೆ ಮಾಡೋಣ. ಆದರೆ ಅವ್ವ ತಾನೇ ದುಡಿದ ಹಣವನ್ನು ಆಕೆಯ ಕೈಗೆ ಮುಟ್ಟಿಸಲು ಯಾವ ಸರ್ಕಾರದ ಆದೇಶವೂ ಬೇಕಿಲ್ಲ. ಒಂದು ಅರ್ಜಿ, ಒಂದು ಷೇರಿನ ಹಣ ಸಾಕು.

ಕಾಯಕ ಮಾಡಿದವನಿಗೆ ಅದರ ಫಲ, ಮಾಡಲಾರದವನಿಗೆ ದಾಸೋಹ ಎಂಬುದು ಈ ಕಲ್ಯಾಣದ ನೆಲದಲ್ಲಿ ಹುಟ್ಟಿದ ಮಾತು. ನಮ್ಮ ಹಿರಿಯರು ಇನ್ನೂ ಕಾಯಕ ಮಾಡುತ್ತಿದ್ದಾರೆ. ಅವರಿಗೆ ಮೊದಲು ಕಾಯಕದ ಫಲ ಕೊಡೋಣ. ಕೈ ಸೋತ ದಿನ ದಾಸೋಹದ ಹೊಣೆಯನ್ನು ಸರ್ಕಾರವೂ ಹೊರಲಿ, ನಾವೂ ಹೊರೋಣ.

ನಾಳೆ ಸಂಜೆ ಹಾಲು ಹಾಕಲು ಹೋಗುವ ಮುನ್ನ ತಮ್ಮ ಮನೆಯ ಕೊಟ್ಟಿಗೆಯನ್ನು ಒಮ್ಮೆ ನೋಡಿ ಬನ್ನಿರಿ. ಅಲ್ಲಿ ದನಗಳ ಹಾಸಿಗೆ ಮಾತ್ರ ಇದ್ದರೆ ಒಳ್ಳೆಯದು. ಮನುಷ್ಯರ ಹಾಸಿಗೆ ಇದ್ದರೆ ಅದನ್ನು ಒಳಮನೆಗೆ ತನ್ನಿರಿ. 1996ರಲ್ಲಿ ನನ್ನಿಂದ ಆಗದೆ ಹೋದ ಕೆಲಸ ಅದು.